ಬೇಸಿಗೆ ರಜೆಗೆ ಒಂದು ಪ್ರಶ್ನೆ, ನಾಲ್ಕು ಪುಸ್ತಕ

ಏಪ್ರಿಲ್ ಎರಡನೇ ವಾರ ಶಾಲೆಗೆ ಬೀಗ ಬೀಳುವ ಹೊತ್ತಿಗೆ ಪಾಲಕರ ವಾಟ್ಸ್ಆ್ಯಪ್ ಗುಂಪಿಗೆ ಒಂದು ಪಟ್ಟಿ ಬಂದಿರುತ್ತದೆ. ಹತ್ತು ಪುಸ್ತಕ ಓದಬೇಕು, ಪ್ರತಿಯೊಂದಕ್ಕೂ ಒಂದು ಪುಟ ಸಾರಾಂಶ ಬರೆಯಬೇಕು, ಶಾಲೆ ಶುರುವಾದ ದಿನ ಚಾರ್ಟ್ ತರಬೇಕು. ಮೇ ಮೂರನೇ ವಾರದವರೆಗೂ ಆ ಪಟ್ಟಿಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಆಮೇಲೆ ಮನೆಮಂದಿಯೆಲ್ಲ ಸೊಂಟ ಕಟ್ಟುತ್ತಾರೆ. ಅಪ್ಪ ಥರ್ಮೋಕೋಲ್ ತರುತ್ತಾರೆ, ಅಮ್ಮ ಗೂಗಲ್ ತಡಕುತ್ತಾರೆ, ಅಕ್ಕ ಸ್ಕೆಚ್ ಪೆನ್ನಿನಲ್ಲಿ ತಲೆಬರಹ ಬರೆದುಕೊಡುತ್ತಾಳೆ. ಓದುವುದೊಂದು ಬಿಟ್ಟು ಉಳಿದೆಲ್ಲ ನಡೆಯುತ್ತದೆ.

ಆರು, ಏಳು, ಎಂಟನೇ ತರಗತಿಯದು ಓದಿನ ಮಟ್ಟಿಗೆ ಕವಲುದಾರಿಯ ವಯಸ್ಸು. ಚಿತ್ರದ ಪುಸ್ತಕ ಕೊಟ್ಟರೆ "ಇದು ಚಿಕ್ಕವರದ್ದು" ಎಂದು ಮೂಗು ಮುರಿಯುತ್ತಾರೆ. ದೊಡ್ಡ ಕಾದಂಬರಿ ಕೊಟ್ಟರೆ ಅದರ ದಪ್ಪ ನೋಡಿಯೇ ಪಕ್ಕಕ್ಕಿಡುತ್ತಾರೆ. ಓದುವ ಚಟ ಹತ್ತುವುದೂ ಬಿಟ್ಟುಹೋಗುವುದೂ ಸಾಮಾನ್ಯವಾಗಿ ಈ ಮೂರು ವರ್ಷಗಳಲ್ಲೇ. ಹಾಗಾಗಿ ರಜೆಯ ಓದಿಗೆ ಒಂದು ಯೋಜನೆ ಇರಲಿ ಎನ್ನುವುದು ಸರಿಯೇ. ಆದರೆ ಅದು ಮಕ್ಕಳ ಯೋಜನೆಯಾಗಿರಬೇಕು.

1. ಎಷ್ಟು ಪುಸ್ತಕ ಎನ್ನಬೇಡಿ, ಯಾವ ಪ್ರಶ್ನೆ ಎನ್ನಿ

ಹತ್ತು ಪುಸ್ತಕ ಓದು ಎಂದರೆ ಹುಡುಗ ಕಪಾಟಿನಲ್ಲಿರುವ ಅತಿ ತೆಳ್ಳನೆಯ ಹತ್ತು ಪುಸ್ತಕ ಆರಿಸುತ್ತಾನೆ. ಅದು ಸೋಮಾರಿತನವಲ್ಲ, ಲೆಕ್ಕ ಬಲ್ಲವನ ಬುದ್ಧಿ. ಅದೇ ಹುಡುಗನಿಗೆ "ನಮ್ಮ ತೋಟದಲ್ಲಿ ಹಾರುವ ಓತಿ ಇದೆಯಾ?" ಎಂಬ ಪ್ರಶ್ನೆ ತಲೆಗೆ ಹೊಕ್ಕರೆ ಪುಟಗಳನ್ನು ಎಣಿಸುವುದು ಮರೆತುಹೋಗುತ್ತದೆ.

ರಜೆಯ ಮೊದಲ ವಾರ ಪ್ರಶ್ನೆ ಹುಡುಕುವುದಕ್ಕೇ ಮೀಸಲಾಗಿರಲಿ. ಮಕ್ಕಳು ಮೂರು ಪ್ರಶ್ನೆ ಬರೆಯಲಿ, ಎರಡನ್ನು ಅವರೇ ಹೊಡೆದುಹಾಕಲಿ. ಉಳಿದದ್ದು ನಿಮಗೆ ಬಾಲಿಶವಾಗಿ ಕಂಡರೂ ಬಾಯಿ ಹಾಕಬೇಡಿ. ದೆವ್ವದ ಬಗ್ಗೆ, ಕ್ರಿಕೆಟ್ ಬ್ಯಾಟಿನ ಮರದ ಬಗ್ಗೆ, ತಾತ ಬಿಟ್ಟುಬಂದ ಊರಿನ ಬಗ್ಗೆ, ಯಾವುದಾದರೂ ಆಗಬಹುದು. ಪ್ರಶ್ನೆ ಗಟ್ಟಿಯೋ ಜೊಳ್ಳೋ ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು. ಯಾರೂ ಕೇಳದೆಯೇ ಊಟದ ಹೊತ್ತಿಗೆ ಅದರ ಮಾತು ಬರುತ್ತದೆಯೇ, ನೋಡಿ.

2. ನಾಲ್ಕೇ ಪುಸ್ತಕ

ದಿನಕ್ಕೆ 15 ಪುಟದಂತೆ 40 ದಿನ ಓದಿದರೆ 600 ಪುಟ. ಸಾಧಾರಣ ಗಾತ್ರದ ನಾಲ್ಕು ಪುಸ್ತಕಕ್ಕೆ ಅಷ್ಟು ಸಾಕು. ಮದುವೆ, ಜಾತ್ರೆ, ಜ್ವರ ಎಂದು ಐದಾರು ದಿನ ತಪ್ಪಿಹೋದರೂ ಆಕಾಶವೇನೂ ಕಳಚಿ ಬೀಳುವುದಿಲ್ಲ.

ನಾಲ್ಕರಲ್ಲಿ ಮೊದಲನೆಯದು ಒಂದೇ ಪಟ್ಟಿಗೆ ಓದಿ ಮುಗಿಸುವಷ್ಟು ಸುಲಭವಾಗಿರಲಿ. "ಒಂದು ಮುಗಿಯಿತು" ಎಂಬ ಹುಮ್ಮಸ್ಸು ಓದು ಶುರುವಾದ ವಾರದಲ್ಲೇ ಸಿಗಬೇಕು. ಎರಡು ಪುಸ್ತಕ ವಯಸ್ಸಿಗೆ ತಕ್ಕವು. ನಾಲ್ಕನೆಯದು ಸ್ವಲ್ಪ ಮೇಲಿನದು, ಅಲ್ಲಲ್ಲಿ ಅರ್ಥವಾಗದೇ ಹೋಗುವಂಥದ್ದು. ಎಂಟನೇ ತರಗತಿಯ ಹುಡುಗಿಗೆ ಗಿಡಮರದ ಹುಚ್ಚಿದ್ದರೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಅಂಥದ್ದು. ಸಸ್ಯಶಾಸ್ತ್ರದ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಮೇಷ್ಟ್ರ ಪ್ರವಾಸ ಕಥನ ಅದು. ಲ್ಯಾಟಿನ್ ಹೆಸರು ಬಂದ ಕಡೆ ಹಾರಿಸಿ ಓದಿದರೂ ನಗು ಉಳಿಯುತ್ತದೆ.

ಹೊಸ ಪುಸ್ತಕಗಳು ಬೇಕೆಂದರೆ ಸುಲಭದ ಒಂದು ದಾರಿ ಇದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಪ್ರತಿವರ್ಷ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡದಲ್ಲಿ ಮೊದಲ ವರ್ಷ ಅದು ಬಂದದ್ದು ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ'ಗೆ. ಬಸು ಬೇವಿನಗಿಡದ ಅವರ 'ಓಡಿಹೋದ ಹುಡುಗ', ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್' ಈಚಿನ ವರ್ಷಗಳವು. ಅಂಗಡಿಯಲ್ಲಿ "ಮಕ್ಕಳ ಪುಸ್ತಕ ಕೊಡಿ" ಎಂದರೆ ಪಂಚತಂತ್ರ, ತೆನಾಲಿರಾಮ, ಬೀರಬಲ್ಲನ ಮುಂದಕ್ಕೆ ಕೈ ಹೋಗುವುದಿಲ್ಲ. ಹೆಸರು ಹೇಳಿ ಕೇಳಿ.

3. ಪ್ರಶ್ನೆ ಎಂದರೆ ಹೇಗಿರಬೇಕು: ಮೂರು ಮಾದರಿ

ಇವನ್ನು ಹಾಗೇ ನಕಲು ಮಾಡುವುದು ಬೇಡ. ಓದು ಪುಸ್ತಕದಿಂದ ಹೊರಬಂದು ಅಂಗಳಕ್ಕೆ ಹೇಗೆ ಇಳಿಯುತ್ತದೆ ಎಂಬುದನ್ನು ಗಮನಿಸಿದರೆ ಸಾಕು.

*ಹಾರುವ ಓತಿ.* ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂದದ್ದು. ವಿಜ್ಞಾನಿಯೊಬ್ಬ ಮಂದಣ್ಣನೆಂಬ ಹಳ್ಳಿ ಹುಡುಗನ ಕಣ್ಣನ್ನು ನಂಬಿ ಆ ಓತಿಯನ್ನು ಹುಡುಕಲು ಕಾಡಿಗೆ ಹೊರಡುವ ಕತೆ. ಏಳನೇ ತರಗತಿಯವರು ಓದಬಹುದು, ಅವರಿಗೆ ನಗುವೂ ಬರುತ್ತದೆ. ಇಲ್ಲಿಂದ ಹೊರಡುವ ಪ್ರಶ್ನೆಗಳು ಹಲವು. ಓತಿ ನಿಜಕ್ಕೂ ಹಾರುತ್ತದೆಯೇ? ಇಲ್ಲ, ತೇಲುತ್ತದೆ. ಉದ್ದಕ್ಕೆ ಬೆಳೆದ ಪಕ್ಕೆಲುಬುಗಳ ಮೇಲೆ ಹರಡಿಕೊಂಡ ಚರ್ಮವೇ ಅದಕ್ಕೆ ರೆಕ್ಕೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಿಕೆ ತೋಟಗಳಲ್ಲಿ ಈಗಲೂ ಇದೆ. ಬಣ್ಣ ಮರದ ತೊಗಟೆಯಂತೆಯೇ ಇರುವುದರಿಂದ ಕಣ್ಣಿಗೆ ಬೀಳುವುದು ಕಷ್ಟ. ತೀರ್ಥಹಳ್ಳಿ, ಶಿರಸಿ, ಪುತ್ತೂರು ಕಡೆಯ ಮಕ್ಕಳು ಬೆಳಗಿನ ಹೊತ್ತು ತೋಟಕ್ಕೆ ಹೋಗಿ ಕಾಯಬಹುದು. ಬಯಲುಸೀಮೆಯವರಿಗೆ ಓತಿಕ್ಯಾತವೇ ಸಾಕು, ಅದೂ ಬಣ್ಣ ಬದಲಿಸುತ್ತದೆ. ಎರಡನೇ ಪುಸ್ತಕಕ್ಕೆ ತೇಜಸ್ವಿಯವರದೇ 'ಪರಿಸರದ ಕತೆ' ಇದೆ. ಆಮೇಲಿನದನ್ನು ಪ್ರಶ್ನೆಯೇ ಹೇಳುತ್ತದೆ.

*ಮುಳುಗಿದ ಊರು.* ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಕೃತಿಗೆ 2011ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಬಂತು. ಶರಾವತಿಯ ಮುಳುಗಡೆ ಅವರು ಬದುಕಿನುದ್ದಕ್ಕೂ ಬರೆದ ವಸ್ತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ಹಿನ್ನೀರಿನಲ್ಲಿ ಊರುಗಳಷ್ಟೇ ಅಲ್ಲ, ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದು ಮತ್ತೆ ಮೇಲೆ ಕಾಣುತ್ತದೆ. ಸಾಗರ, ಹೊಸನಗರದ ಕಡೆ ಬೇರಿರುವ ಮನೆಗಳಲ್ಲಿ ಮುಳುಗಡೆಯ ಮಾತು ಇನ್ನೂ ಮುಗಿದಿಲ್ಲ. ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಕೇಳಿದರೆ ಪುಸ್ತಕದಲ್ಲಿ ಇಲ್ಲದ ಅಧ್ಯಾಯವೇ ಸಿಗುತ್ತದೆ. ಏನನ್ನು ಗಾಡಿಗೆ ಹೇರಿಕೊಂಡರು, ಏನನ್ನು ಅಲ್ಲೇ ಬಿಟ್ಟರು, ದನಗಳನ್ನು ಏನು ಮಾಡಿದರು?

ಇದು ಮಲೆನಾಡಿನ ಮಾತು ಮಾತ್ರ ಅಲ್ಲ. ಬಾಗಲಕೋಟೆಯ ಮಗುವಿಗೆ ಆಲಮಟ್ಟಿ ಹಿನ್ನೀರಿದೆ, ಹಳೇ ಊರು ಮತ್ತು ನವನಗರದ ಕತೆಯಿದೆ. ಹಾಸನದ ಕಡೆಯವರಿಗೆ ಹೇಮಾವತಿ ನೀರು ತುಂಬಿದಾಗ ಅರ್ಧ ಮುಳುಗುವ ಶೆಟ್ಟಿಹಳ್ಳಿಯ ಚರ್ಚ್ ಇದೆ. ಪ್ರಶ್ನೆ ಒಂದೇ, ಊರು ಬೇರೆ ಬೇರೆ.

*ಕಿಂದರಿಜೋಗಿಯ ಪ್ರಯಾಣ.* ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಅದರ ಬೇರು ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕವನದಲ್ಲಿದೆ. ಬ್ರೌನಿಂಗ್‌ಗೆ ಮೂಲವಾದದ್ದು ಜರ್ಮನಿಯ ಹ್ಯಾಮ್ಲಿನ್ ಎಂಬ ಊರಿನ ಐತಿಹ್ಯ. 1284ರಲ್ಲಿ 130 ಮಕ್ಕಳು ಕೊಳಲಿನವನ ಹಿಂದೆ ಹೋಗಿ ಕಾಣೆಯಾದರು ಎಂದು ಆ ಊರಿನವರು ಹೇಳಿಕೊಂಡು ಬಂದಿದ್ದಾರೆ. ವೇಸರ್ ನದಿಯ ದಡದಲ್ಲಿದ್ದ ಕತೆ ತುಂಗೆಯ ದಡಕ್ಕೆ ಬಂದಾಗ ಏನೇನು ಬದಲಾಯಿತು? ಊರ ಗೌಡ ಬಂದ, ಇಲಿಗಳ ತಿಂಡಿ ಬದಲಾಯಿತು, ಭಾಷೆಯ ಕುಣಿತ ಬದಲಾಯಿತು. ಎರಡು ಕವನ ಪಕ್ಕಪಕ್ಕ ಇಟ್ಟು ಎರಡು ಬಣ್ಣದ ಪೆನ್ಸಿಲ್ ಹಿಡಿದರೆ ವಾರದ ಕೆಲಸ. ಆಮೇಲೆ ಕತೆಯನ್ನು ಮಗು ತನ್ನ ಊರಿಗೆ ತರಲಿ. ಹುಬ್ಬಳ್ಳಿಯಲ್ಲಿ ನಡೆದರೆ ಇಲಿ ಏನು ತಿನ್ನುತ್ತಿತ್ತು? ಧಾರವಾಡದ ಪೇಡೆಯ ಅಂಗಡಿಗೂ ಹೋಗಿರುತ್ತಿತ್ತು, ಬಿಡಿ.

4. ಪುಸ್ತಕಕ್ಕೆ ಮೊದಲು ಗ್ರಂಥಾಲಯ

ನಾಲ್ಕೂ ಪುಸ್ತಕವನ್ನು ಕೊಂಡುತರಲೇಬೇಕೆಂದಿಲ್ಲ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅವಕ್ಕೆ ಅರಿವು ಕೇಂದ್ರ ಎಂದು ಹೆಸರು. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮ ಅಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಪಟ್ಟಣದಲ್ಲಿರುವವರು ಆಸ್ತಿ ತೆರಿಗೆ ರಸೀದಿ ತೆಗೆದು ನೋಡಲಿ, ಗ್ರಂಥಾಲಯ ಕರ ಎಂಬ ಸಾಲು ಕಾಣುತ್ತದೆ. ತೆರಿಗೆಯ ಮೇಲೆ ಶೇ 6ರಷ್ಟನ್ನು ನೀವು ಆಗಲೇ ಕಟ್ಟಿಯಾಗಿದೆ. ದುಡ್ಡು ಕೊಟ್ಟೂ ಪುಸ್ತಕ ತಾರದೇ ಇರುವುದು ಯಾವ ಜಾಣತನವೋ.

ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಅಂದರೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ ಹತ್ತಿರ. ಅಲ್ಲೇ ಪಾರ್ಕಿನೊಳಗೆ ಮಕ್ಕಳ ಗ್ರಂಥಾಲಯವೂ ಇದೆ. ಮಂಡ್ಯ, ಮೈಸೂರಿನ ಕಡೆಯವರು ಒಂದು ದಿನ ಪಾಂಡವಪುರದ ಹರಳಹಳ್ಳಿಗೆ ಹೋಗಿ ಬನ್ನಿ. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅಂಕೇಗೌಡರು ಸಂಬಳವನ್ನೆಲ್ಲ ಸುರಿದು ಲಕ್ಷಗಟ್ಟಲೆ ಪುಸ್ತಕ ಕೂಡಿಹಾಕಿದ 'ಪುಸ್ತಕ ಮನೆ' ಅಲ್ಲಿದೆ. ರಾಶಿಯ ನಡುವೆ ನಿಂತು ತಲೆ ಎತ್ತಿ ನೋಡಿದ ಮಗುವಿಗೆ ಪುಸ್ತಕದ ಮಹತ್ವದ ಬಗ್ಗೆ ಭಾಷಣ ಬೇಕಾಗುವುದಿಲ್ಲ.

ಮನೆಯಿಂದ ಹೊರಡಲಾಗದವರಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕತೆಗಳು ಪುಕ್ಕಟೆ ಸಿಗುತ್ತವೆ. ಹೊರದೇಶದಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗೂ ಇದೇ ಅನುಕೂಲ. ಅಮೆರಿಕದಲ್ಲಿ ಬೇಸಿಗೆ ರಜೆ ಜೂನ್‌ನಿಂದ ಆಗಸ್ಟ್‌ವರೆಗೆ, ನಮ್ಮದಕ್ಕಿಂತ ಉದ್ದ. ಊರಿಂದ ಬರುವ ಅಜ್ಜಿಯ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಯ ಪಕ್ಕ ಎರಡು ಪುಸ್ತಕಕ್ಕೂ ಜಾಗ ಮಾಡಿಸಿ.

5. ಅರ್ಧಕ್ಕೆ ಬಿಡಲು ಅನುಮತಿ ಇರಲಿ

ದಾನಿಯಲ್ ಪೆನ್ನಾಕ್ ಎಂಬ ಫ್ರೆಂಚ್ ಲೇಖಕ, ಸ್ವತಃ ಶಾಲಾ ಮೇಷ್ಟ್ರಾಗಿದ್ದವರು, 1992ರಲ್ಲಿ ಬರೆದ ಪುಸ್ತಕದಲ್ಲಿ ಓದುಗನಿಗೆ ಹತ್ತು ಹಕ್ಕುಗಳನ್ನು ಕೊಟ್ಟರು. ಓದದೇ ಇರುವ ಹಕ್ಕೇ ಮೊದಲನೆಯದು. ಪುಟ ಹಾರಿಸುವ ಹಕ್ಕು, ಮುಗಿಸದೇ ಬಿಡುವ ಹಕ್ಕು ಆಮೇಲಿನವು. ಮೇಷ್ಟ್ರುಗಳಿಗೆ ಇದು ಅರಗುವುದು ಕಷ್ಟ.

ನಾವು ದೊಡ್ಡವರು ಹಿಡಿಸದ ಸಿನಿಮಾದಿಂದ ಮಧ್ಯಂತರದಲ್ಲೇ ಎದ್ದು ಬರುತ್ತೇವೆ. ಮಕ್ಕಳು ಮಾತ್ರ ಹಿಡಿಸದ ಪುಸ್ತಕವನ್ನು ಕೊನೆಯವರೆಗೆ ನುಂಗಬೇಕು ಎನ್ನುತ್ತೇವೆ. 30 ಪುಟ ಓದಲಿ. ಆಮೇಲೂ ರುಚಿಸದಿದ್ದರೆ ಬಿಡಲಿ. ಯಾಕೆ ಬಿಟ್ಟೆ ಎಂದು ಒಂದು ಸಾಲು ಬರೆದರೆ ಸಾಕು. "ಇದರಲ್ಲಿ ಎಲ್ಲರೂ ಒಳ್ಳೆಯವರೇ, ಬೇಜಾರು" ಎಂಬ ಸಾಲು ಒಂದು ಪುಟದ ಸಾರಾಂಶಕ್ಕಿಂತ ದೊಡ್ಡ ವಿಮರ್ಶೆ.

ಏನು ಕೊಟ್ಟರೂ ಓದದ ಹುಡುಗರು ಪ್ರತಿ ಮನೆಯಲ್ಲೂ ಇದ್ದಾರೆ. ಅವರಿಗೆ ನೀತಿಕತೆ ಕೊಡಬೇಡಿ, ಚಿರತೆ ಕೊಡಿ. ಜಿಮ್ ಕಾರ್ಬೆಟ್ 1926ರಲ್ಲಿ ಕೊಂದ ರುದ್ರಪ್ರಯಾಗದ ನರಭಕ್ಷಕ ಚಿರತೆ ಎಂಟು ವರ್ಷಗಳಲ್ಲಿ 125 ಜನರನ್ನು ಬಲಿ ತೆಗೆದುಕೊಂಡಿತ್ತು, ಅದೂ ಸರ್ಕಾರದ ಲೆಕ್ಕದಲ್ಲಿ. ತೇಜಸ್ವಿ ಆ ಬೇಟೆಯ ಕತೆಯನ್ನು ಕನ್ನಡಕ್ಕೆ ತಂದಿದ್ದಾರೆ. ಕೆನೆತ್ ಆಂಡರ್ಸನ್ನನ ಬೇಟೆಯ ಅನುಭವಗಳನ್ನು ಅವರೇ 'ಕಾಡಿನ ಕಥೆಗಳು' ಮಾಡಿದರು. ರಾತ್ರಿ ಕರೆಂಟ್ ಹೋದಾಗ ಒಂದು ಅಧ್ಯಾಯ ನೀವೇ ಓದಿ ಹೇಳಿ, ಚಿರತೆ ಬಾಗಿಲು ತಳ್ಳುವ ಜಾಗಕ್ಕೆ ನಿಲ್ಲಿಸಿಬಿಡಿ. ಉಳಿದದ್ದನ್ನು ಅವನು ಬೆಳಿಗ್ಗೆ ಎದ್ದು ಓದಿಕೊಳ್ಳುತ್ತಾನೆ.

6. ಚಿತ್ರಕತೆಯೂ ಓದೇ

ಕಾಮಿಕ್ಸ್ ಓದಿದರೆ ಲೆಕ್ಕಕ್ಕಿಲ್ಲ ಎನ್ನುವ ಮೇಷ್ಟ್ರಿಗೆ ಒಂದು ಸುದ್ದಿ. ಅಮರ ಚಿತ್ರ ಕಥೆ ಮೊಟ್ಟಮೊದಲು ಹೊರಬಂದದ್ದು ಇಂಗ್ಲಿಷಿನಲ್ಲಲ್ಲ, 1965ರಲ್ಲಿ ಕನ್ನಡದಲ್ಲಿ. ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಹಂಬಲದಿಂದ ಅದು ಆದದ್ದು. ನಾಲ್ಕರಲ್ಲಿ ಒಂದು ಪುಸ್ತಕ ಚಿತ್ರಕತೆಯಾದರೆ ಏನೂ ನಷ್ಟವಿಲ್ಲ. ನಾಲ್ಕೂ ಚಿತ್ರಕತೆಯೇ ಆದರೆ ಮಾತ್ರ ಮಾತನಾಡಿ.

7. ಮಧ್ಯಾಹ್ನ ಎರಡರಿಂದ ಮೂರು

ಬೆಳಿಗ್ಗೆ ಆಟಕ್ಕೆ, ಸಂಜೆ ಇನ್ನಷ್ಟು ಆಟಕ್ಕೆ. ಅದನ್ನು ಕಿತ್ತುಕೊಂಡು ಓದು ಎಂದರೆ ಪುಸ್ತಕದ ಮೇಲೆ ಹಗೆ ಹುಟ್ಟುತ್ತದೆ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿರುತ್ತದೆ, ಮಧ್ಯಾಹ್ನ ಹೊರಗೆ ಕಾಲಿಡುವವರು ಯಾರು? ಊಟ ಮುಗಿದು ಹಿರಿಯರು ಅಡ್ಡಾಗುವ ಆ ಹೊತ್ತು ಓದಿಗೆ ಹೇಳಿಮಾಡಿಸಿದ್ದು. ಆ ಒಂದು ಗಂಟೆ ಮನೆಯ ಎಲ್ಲ ಮೊಬೈಲುಗಳೂ ಒಂದೇ ಕಡೆ ಚಾರ್ಜಿಗೆ ಬೀಳಲಿ. ನಿಮ್ಮದೂ.

8. ಸಾರಾಂಶ ಬರೆಸಬೇಡಿ

ಸಾರಾಂಶ ಈಗ ಎಐಗೆ ಹತ್ತು ಸೆಕೆಂಡಿನ ಕೆಲಸ. ಅದಕ್ಕೂ ಮುಂಚೆ ಅಕ್ಕನ ನೋಟ್‌ಬುಕ್ ಆ ಕೆಲಸ ಮಾಡುತ್ತಿತ್ತು. ಓದದೆಯೂ ಬರೆಯಬಹುದಾದ ಬರಹವನ್ನು ಓದಿನ ಸಾಕ್ಷಿ ಎಂದು ನಂಬಿಕೊಂಡು ಬಂದಿದ್ದೇವೆ, ಅಷ್ಟೇ.

ಓದಿದವರಷ್ಟೇ ಉತ್ತರಿಸಬಲ್ಲ ಪ್ರಶ್ನೆ ಕೇಳಿ. ಮಂದಣ್ಣನ ಹಾಗಿರುವವರು ನಮ್ಮ ಬೀದಿಯಲ್ಲಿ ಯಾರು, ಯಾಕೆ? ಯಾವ ಪುಟದಲ್ಲಿ ನೀನು ಹಿಂದಕ್ಕೆ ಹೋಗಿ ಮತ್ತೆ ಓದಿದೆ? ಯಾವ ಪಾತ್ರವನ್ನು ಒಂದು ದಿನ ಊಟಕ್ಕೆ ಕರೆಯುತ್ತೀಯ, ಅಮ್ಮ ಅವರಿಗೆ ಏನು ಬಡಿಸಬೇಕು? ಲೇಖಕರು ಸುಳ್ಳು ಹೇಳಿದ್ದಾರೆ ಅನಿಸಿದ್ದು ಎಲ್ಲಿ?

ಇದಕ್ಕೊಂದು ನೂರು ಪುಟದ ನೋಟ್‌ಬುಕ್ ಸಾಕು. ಎಡಪುಟದಲ್ಲಿ ಪುಸ್ತಕದಲ್ಲಿ ಕಂಡದ್ದು, ಬಲಪುಟದಲ್ಲಿ ಊರಿನಲ್ಲಿ ಕಂಡದ್ದು. ಓದಿದ ದಿನ ಮೂರು ಸಾಲು, ಚಿತ್ರ ಬರೆಯುವವರು ಚಿತ್ರ ಬರೆಯಲಿ. ಕಾಗುಣಿತದ ತಪ್ಪಿಗೆ ಕೆಂಪು ಪೆನ್ ಮುಟ್ಟಿಸಬೇಡಿ. ಜೂನ್‌ನಿಂದ ಮಾರ್ಚ್‌ವರೆಗೆ ಅದಕ್ಕೆ ಸಮಯವಿದೆ. ರಜೆಯಲ್ಲಿ ಅಮ್ಮ ಅಮ್ಮನಾಗಿಯೇ ಇರಲಿ.

9. ಅಜ್ಜಿಗೆ ಓದಿ ಹೇಳಲಿ

ಸುಧಾ ಮೂರ್ತಿಯವರು ಬರೆದ ಪ್ರಸಂಗ ಅನೇಕರಿಗೆ ಗೊತ್ತು. ಬಾಲ್ಯದಲ್ಲಿ ಅವರು ಅಜ್ಜಿಗೆ 'ಕರ್ಮವೀರ' ವಾರಪತ್ರಿಕೆಯಲ್ಲಿ ಬರುತ್ತಿದ್ದ ತ್ರಿವೇಣಿಯವರ 'ಕಾಶೀಯಾತ್ರೆ' ಧಾರಾವಾಹಿ ಓದಿ ಹೇಳುತ್ತಿದ್ದರು. ಮೊಮ್ಮಗಳು ಊರಿಗೆ ಹೋದಾಗ ಪತ್ರಿಕೆ ಕೈಯಲ್ಲಿದ್ದೂ ಓದಲಾಗದೆ ಅಜ್ಜಿ ಒದ್ದಾಡಿದರು. ಹುಡುಗಿ ಮರಳಿದ ಮೇಲೆ ಹಟ ಹಿಡಿದು ಅವಳಿಂದಲೇ ಅಕ್ಷರ ಕಲಿತರು.

ಕಣ್ಣು ಮಂಜಾದ ಹಿರಿಯರು, ಅಕ್ಷರ ಬಾರದವರು, ಅಡುಗೆಮನೆಯಲ್ಲಿ ಕೈ ಬಿಡುವಿಲ್ಲದವರು ಈಗಲೂ ಎಲ್ಲ ಮನೆಗಳಲ್ಲಿದ್ದಾರೆ. ಹಪ್ಪಳ ಸಂಡಿಗೆ ಇಡುವ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ಒಂದು ಅಧ್ಯಾಯ ಓದುವ ಕೆಲಸ ಮಕ್ಕಳದಾಗಲಿ. ಗಟ್ಟಿಯಾಗಿ ಓದುವಾಗ ಪೂರ್ಣವಿರಾಮ, ಪ್ರಶ್ನಾರ್ಥಕ ಚಿಹ್ನೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ. "ಆಮೇಲೇನಾಯ್ತು, ಮಾರಾಯ್ತಿ?" ಎಂದು ಕೇಳುವವರೊಬ್ಬರಿದ್ದರೆ ಪುಸ್ತಕ ಅರ್ಧಕ್ಕೆ ನಿಲ್ಲುವುದಿಲ್ಲ.

10. ಕನ್ನಡ ಓದಲು ತಡವರಿಸುವವರಿಗೆ

ಇಂಗ್ಲಿಷ್ ಮಾಧ್ಯಮದ ಏಳನೇ ತರಗತಿ ಹುಡುಗಿ ಕನ್ನಡದಲ್ಲಿ ಪಟಪಟ ಮಾತಾಡುತ್ತಾಳೆ. ಆದರೆ ಓದಲು ಕೂತರೆ ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಾಳೆ. ಅವಳ ಬುದ್ಧಿಗೆ 'ಕರ್ವಾಲೊ' ಬೇಕು, ಕಣ್ಣಿಗೆ ಎರಡನೇ ತರಗತಿಯ ಪುಸ್ತಕ ಬೇಕು. ನಾಚಿಕೆ ಹುಟ್ಟುವುದು ಈ ಅಂತರದಲ್ಲಿ. ಎರಡನೇ ತರಗತಿಯ ಪುಸ್ತಕ ಕೊಟ್ಟು ನಾಚಿಕೆ ಹೆಚ್ಚಿಸಬೇಡಿ. ಒಂದು ಪುಟ ನೀವು ಓದಿ, ಒಂದು ಪ್ಯಾರಾ ಅವಳು ಓದಲಿ. ವಾರ ಕಳೆದಂತೆ ಪಾಲು ಬದಲಾಗಲಿ.

ಮೊದಲು ಕತೆ ಗೊತ್ತಿರುವ ಪುಸ್ತಕ ಹಿಡಿಯುವುದು ಇನ್ನೊಂದು ಉಪಾಯ. ಆರ್.ಕೆ. ನಾರಾಯಣ್ ಅವರ ಸ್ವಾಮಿಯ ಕತೆ 1935ರಲ್ಲಿ ಇಂಗ್ಲಿಷಿನಲ್ಲಿ ಬಂದದ್ದು, ಕನ್ನಡದಲ್ಲೂ ಸಿಗುತ್ತದೆ. ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರಿಸಿದ 'ಮಾಲ್ಗುಡಿ ಡೇಸ್' ನೋಡಿ, ಆಮೇಲೆ ಓದಿದರೆ ಮುಂದಿನ ವಾಕ್ಯ ಏನೆಂದು ಕಣ್ಣಿಗಿಂತ ಮೊದಲೇ ಮನಸ್ಸು ಊಹಿಸುತ್ತದೆ. ಜಪಾನಿನ 'ತೊತ್ತೋಚಾನ್' ಕೂಡ ಇಂಥವರಿಗೆ ಸುಲಭ. ಹಳೇ ರೈಲು ಡಬ್ಬಿಗಳಲ್ಲಿ ತರಗತಿ ನಡೆಯುವ ಶಾಲೆಯ ಕತೆ, ಅಧ್ಯಾಯಗಳು ಚಿಕ್ಕಚಿಕ್ಕವು, ಎರಡು ಮೂರು ಪುಟಕ್ಕೊಮ್ಮೆ "ಮುಗಿಯಿತು" ಎನ್ನಬಹುದು.

11. ಒಂಟಿಯಾಗಿ ಓದಿಸಬೇಡಿ

ಅಜ್ಜಿ ಮನೆಗೆ ಐದಾರು ಮೊಮ್ಮಕ್ಕಳು ಸೇರುವ ಕಾಲ ಇದು. ಒಂದೇ ಪುಸ್ತಕದ ಹಿಂದೆ ನಾಲ್ವರು ಬಿದ್ದರೆ ಜಗಳವಾಗುತ್ತದೆ, ಆಗಲಿ. ಒಬ್ಬ ಮುಂದೆ ಓದಿ ಕತೆ ಒಡೆಯುತ್ತಾನೆ, ಇನ್ನೊಬ್ಬಳು ಕಿವಿ ಮುಚ್ಚಿಕೊಂಡು ಓಡುತ್ತಾಳೆ. ವಾರಕ್ಕೊಮ್ಮೆ ಜಗಲಿಯ ಮೇಲೆ ಅರ್ಧ ಗಂಟೆ ವಾದ ಮಾಡಲಿ. ದೊಡ್ಡವರು ತೀರ್ಪು ಕೊಡಕೂಡದು, ಮಜ್ಜಿಗೆ ಕೊಡಬಹುದು.

ನಾಟಕದ ಹುಚ್ಚಿರುವವರಿಗೆ ಇದೇ ಸಮಯದಲ್ಲಿ ದಾರಿಗಳು ಬಹಳ. ಮೈಸೂರಿನ ರಂಗಾಯಣ ಪ್ರತಿ ಬೇಸಿಗೆಯಲ್ಲಿ ಚಿನ್ನರ ಮೇಳ ನಡೆಸುತ್ತದೆ. ಅಲ್ಲಿಗೆ ಹೋಗಲಾಗದಿದ್ದರೆ ಓದಿದ ಕತೆಯ ಒಂದೇ ಒಂದು ದೃಶ್ಯವನ್ನು ಹಿತ್ತಲಲ್ಲಿ ಆಡಿದರೂ ಆಯಿತು. ಯಾವ ಮಾತು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ತಲೆ ಕೆರೆದುಕೊಳ್ಳುವಾಗ ಅದೇ ಪುಟವನ್ನು ಹತ್ತಾರು ಸಲ ಓದಿರುತ್ತಾರೆ.

12. ಓದಿಗೆ ಕೂಲಿ ಕೊಡಬೇಡಿ

ಪುಸ್ತಕಕ್ಕೆ ಇಷ್ಟು ರೂಪಾಯಿ, ಇಷ್ಟು ಹೊತ್ತು ಮೊಬೈಲ್ ಎಂಬ ಒಪ್ಪಂದ ಮೊದಲ ವಾರ ಚೆನ್ನಾಗಿ ನಡೆಯುತ್ತದೆ. ಆದರೆ ಓದುವುದು ಕಷ್ಟದ ಕೆಲಸ, ಮೊಬೈಲ್ ಅದರ ಬಹುಮಾನ ಎಂದು ನಾವೇ ಕಲಿಸಿದಂತಾಗುತ್ತದೆ. ಬಹುಮಾನ ಕೊಡಲೇಬೇಕೆಂದಿದ್ದರೆ ಇನ್ನೊಂದು ಪುಸ್ತಕ ಕೊಡಿ, ಅಥವಾ ರಾತ್ರಿ ಹಾಸಿಗೆಯಲ್ಲಿ ಹೆಚ್ಚಿಗೆ ಅರ್ಧ ಗಂಟೆ ಲೈಟ್.

13. ಕೊನೆಗೆ ಕೈಯಲ್ಲಿ ಒಂದು ವಸ್ತು ಉಳಿಯಲಿ

ಶಿವರಾಮ ಕಾರಂತರು 1930ರ ದಶಕದಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ' ಹೊರತಂದರು, ಮುಂದೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'. ಸಂಪಾದಕ ಮಂಡಳಿ, ಸಮಿತಿ ಯಾವುದಕ್ಕೂ ಕಾಯದೆ ಒಬ್ಬರೇ ಮಕ್ಕಳಿಗೆಂದು ವಿಶ್ವಕೋಶ ಬರೆಯಹೊರಟ ಧೈರ್ಯ ಅದು. ಹನ್ನೆರಡು ವರ್ಷದವರಿಗೂ ಅಂಥ ಧೈರ್ಯ ಬೇಕಾದಷ್ಟಿರುತ್ತದೆ.

ಆದ್ದರಿಂದ ಚಾರ್ಟಿನ ಬದಲು ಹದಿನಾರು ಪುಟದ ಪುಸ್ತಕ ಮಾಡಿಸಿ. ನಾಲ್ಕು ಬಿಳಿ ಹಾಳೆ ಮಡಚಿ ನಡುವೆ ಹೊಲಿದರೆ ಹದಿನಾರು ಪುಟ ಸಿಗುತ್ತದೆ. ಅದು ಅವರ ಊರಿನ, ಅವರ ಪ್ರಶ್ನೆಯ ಪ್ರಪಂಚ. ತೋಟದಲ್ಲಿ ಕಂಡ ಹತ್ತು ಜೀವಿಗಳು, ಮುಳುಗಿದ ಊರಿನ ನಕಾಶೆ, ಅಜ್ಜ ಹೇಳಿದ ಮಾತು, ಹುಬ್ಬಳ್ಳಿಗೆ ಬಂದ ಕಿಂದರಿಜೋಗಿ. ಮುಖಪುಟದ ಮೇಲೆ ಲೇಖಕರ ಹೆಸರು, ಹಿಂಬದಿಯಲ್ಲಿ ಬೆಲೆ. ಬೆಲೆ ಎಷ್ಟಿಡಬೇಕೆಂದು ಅವರೇ ತೀರ್ಮಾನಿಸಲಿ, ತಾತ ಚೌಕಾಶಿ ಮಾಡದೆ ಕೊಳ್ಳಲಿ. ನೀವು ಟೈಪ್ ಮಾಡಿಕೊಡಬೇಡಿ, ಬಣ್ಣ ತುಂಬಿಕೊಡಬೇಡಿ. ವಕ್ರವಾಗಿದ್ದರೆ ವಕ್ರವಾಗಿಯೇ ಇರಲಿ.

14. ಜೂನ್ ಮೊದಲ ವಾರ, ಮೇಷ್ಟ್ರಿಗೆ ಮತ್ತು ಟೀಚರ್‌ಗೆ

ರಜೆಯಲ್ಲಿ ಎಷ್ಟೇ ಚೆನ್ನಾಗಿ ನಡೆದಿದ್ದರೂ ಶಾಲೆ ತೆರೆದ ದಿನ "ಎಲ್ಲರೂ ಪ್ರಾಜೆಕ್ಟ್ ಒಪ್ಪಿಸಿ" ಎಂದು ಕೂಡಿಹಾಕಿ, ಕಪಾಟಿಗೆ ತಳ್ಳಿ ಬೀಗ ಹಾಕಿದರೆ ಮುಂದಿನ ವರ್ಷ ಯಾರೂ ಮನಸ್ಸಿಟ್ಟು ಮಾಡುವುದಿಲ್ಲ. ಅಂಕ ಕೊಡಬೇಡಿ. ದಿನಕ್ಕೆ ನಾಲ್ಕು ಜನರಂತೆ, ಒಬ್ಬೊಬ್ಬರಿಗೆ ಐದು ನಿಮಿಷ ಮಾತಾಡಲು ಬಿಡಿ. ನಲವತ್ತು ಮಕ್ಕಳ ತರಗತಿಯಾದರೆ ಹತ್ತು ದಿನದಲ್ಲಿ ಮುಗಿಯುತ್ತದೆ. ಓದದೇ ಬಂದವರೂ ಮಾತಾಡಲಿ, ಯಾಕೆ ಓದಲಿಲ್ಲ ಎಂದು ನಿಜ ಹೇಳಲಿ. ಪುಸ್ತಕವೇ ಸಿಗಲಿಲ್ಲ ಎಂಬ ಉತ್ತರ ಬಂದರೆ ಮುಂದಿನ ಮಾರ್ಚ್‌ನಲ್ಲಿ, ಪರೀಕ್ಷೆಗೂ ಮೊದಲೇ, ಶಾಲೆಯ ಪುಸ್ತಕದ ಪೆಟ್ಟಿಗೆ ತೆರೆದು ತಲಾ ಎರಡು ಪುಸ್ತಕ ಹೆಸರು ಬರೆದುಕೊಂಡು ಮನೆಗೆ ಕಳಿಸಿ. ಒಂದೆರಡು ಕಳೆಯುತ್ತವೆ, ಕೆಲವು ಹರಿದು ಬರುತ್ತವೆ. ವರ್ಷವಿಡೀ ಪೆಟ್ಟಿಗೆಯಲ್ಲಿ ಗೆದ್ದಲು ತಿನ್ನುವುದಕ್ಕಿಂತ ವಾಸಿ.

ಮಕ್ಕಳು ಹೊಲಿದ ಹದಿನಾರು ಪುಟದ ಪುಸ್ತಕಗಳನ್ನು ತರಗತಿಯ ಕಿಟಕಿ ಕಟ್ಟೆಯ ಮೇಲೆ, ಕೈಗೆಟುಕುವಂತೆ ಸಾಲಾಗಿ ಇಡಿ. ಐದನೇ ತರಗತಿಯವರಿಗೂ ಎರವಲು ಕೊಡಿ. ಮುಂದಿನ ಬೇಸಿಗೆಗೆ ಪ್ರಶ್ನೆ ಹುಡುಕಬೇಕಾದವರು ಅವರೇ.